ಕೆಂಪು ಬಂಡೆಯ ವಿಡಿಯೊ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಸ್ಮೃತಿ ಎಂಬ ಯುವತಿ ಚಂದ್ರಾ ಲೇಔಟ್ ಠಾಣೆಗೆ ದೂರು ತಂದಳು. ಹಿಂದಿನ ಸಂಜೆ ಯಾರೋ ಬಾಲ್ಕನಿಯಿಂದ ಅವಳ ಮೂರನೇ ಮಹಡಿಯ ಮನೆಗೆ ನುಗ್ಗಿ ಲ್ಯಾಪ್‌ಟಾಪ್, ಕ್ಯಾಮೆರಾ ಒಯ್ದಿದ್ದರು. ಪಕ್ಕದಲ್ಲೇ ಇದ್ದ ಚಿನ್ನದ ಸರ ಮುಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಅಂಜಿನಯ್ಯ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು.

ಪಂಚನಾಮೆ ಮಾಡುವಾಗ ನೀರಿನ ಪೈಪಿನ ಮೇಲೆ ಬಿಳಿ ಪುಡಿಯ ಕೈಗುರುತುಗಳು ಕಾನ್‌ಸ್ಟೆಬಲ್ ದಾನಮ್ಮನ ಕಣ್ಣಿಗೆ ಬಿದ್ದವು.

“ಸುಣ್ಣ ಅಲ್ಲ ಸಾರ್, ನುಣ್ಣಗಿದೆ.”

ಸ್ಮೃತಿಯ ಮುಖ ಸಪ್ಪಗಾಯಿತು. “ಬಂಡೆ ಹತ್ತೋವಾಗ ಕೈ ಜಾರದಿರ್ಲಿ ಅಂತ ಈ ಪುಡಿ ಹಚ್ಕೋತೀವಿ ಸಾರ್.”

“ಕ್ಯಾಮೆರಾದಲ್ಲಿ ಏನಿತ್ತು?” ಅಂಜಿನಯ್ಯ ಕೇಳಿದರು.

“ಹೋದ ತಿಂಗಳು ಜೋರ್ಡಾನ್ ದೇಶದ ಮರುಭೂಮಿಗೆ ಬಂಡೆ ಹತ್ತೋಕೆ ಹೋಗಿದ್ವಿ, ಅದರ ವಿಡಿಯೊ. ಭಾನುವಾರ ನಮ್ಮ ಬಂಡೆ ಹತ್ತೋ ಕ್ಲಬ್ಬಲ್ಲಿ ತೋರಿಸ್ಬೇಕಿತ್ತು.”

ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸಿದಳು. ಮರಳಿನ ನಡುವೆ ಬುಡ ಸವೆದು ಅಣಬೆಯಂತೆ ನಿಂತ ಕೆಂಪು ಬಂಡೆಗಳು. ಸೇತುವೆಯಂತೆ ಬಾಗಿದ ಒಂದು ಕಲ್ಲು.

“ಜೊತೆಗಿದ್ದೋರು?”

“ನಮ್ಮ ಕೋಚ್ ರುದ್ರೇಶ್. ಅವ್ರು ಅಂಥೋರಲ್ಲ ಸಾರ್.”

ಬೀದಿ ತುದಿಯ ದರ್ಶಿನಿ ಹೋಟೆಲಿನ ಸಿಸಿಟಿವಿಯಲ್ಲಿ ಹಿಂದಿನ ಸಂಜೆ ಬ್ಯಾಗು ಹೊತ್ತು ಹೋಗುತ್ತಿದ್ದವನು ಅವಳ ಫೋಟೊಗಳಲ್ಲಿದ್ದ ರುದ್ರೇಶನೇ.

ಸಂಜೆ ಐದಕ್ಕೆ ಪೊಲೀಸರು ಕ್ಲಬ್ಬಿಗೆ ಹೋದಾಗ ಅವನು ಮಕ್ಕಳಿಗೆ ಗೋಡೆ ಹತ್ತಿಸುತ್ತಿದ್ದ. ಹಗ್ಗ ಅವನ ಕೈಯಲ್ಲಿತ್ತು, ಮೇಲೆ ಪುಟ್ಟ ಹುಡುಗಿಯೊಬ್ಬಳಿದ್ದಳು.

“ಈಕೀನ್ನ ಇಳಿಸಿ ಬರ್ತೀನ್ರಿ ಸಾರ್.”

ಅಂಜಿನಯ್ಯ ಕಾದರು.

ಠಾಣೆಯಲ್ಲಿ ಕೇಳಿದರು: “ಯಾಕಯ್ಯಾ ಕದ್ದೆ?”

“ಬಾದಾಮಿ ಕಲ್ಲಿನ್ಯಾಗ ಆಡಿ ಬೆಳೆದಾಂವರಿ ನಾ. ಆ ಮರುಭೂಮ್ಯಾಗ ಹಿಡಿದ ಕಲ್ಲು ಕೈಯಾಗ ಪುಡಿ ಆತು. ಆಮ್ಯಾಲೆ ಕೈಕಾಲೇ ಆಡ್ಲಿಲ್ಲ. ಬಂಡೆ ತಬ್ಕೊಂಡು ಅವ್ವಾ ಅವ್ವಾ ಅಂತ ಅತ್ತೆ. ಸ್ಮೃತಿನೇ ಇಳಿಸಿದ್ಲು. ಎಲ್ಲಾ ಆಕಿ ಕ್ಯಾಮೆರಾದಾಗ ಐತ್ರಿ. ಭಾನುವಾರ ನಾ ಕಲಿಸೋ ಹುಡುಗ್ರು ಅದನ್ನ ನೋಡ್ತಿದ್ವು.”

ಬಾಪೂಜಿ ನಗರದ ಅವನ ಕೋಣೆಯಲ್ಲಿ ಎರಡೂ ಸಾಮಾನು ಸಿಕ್ಕವು. ವಿಡಿಯೊ ತೆರೆದು ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಬಂಧನ ದಾಖಲಾಯಿತು.

ಸಾಮಾನು ಗುರುತಿಸಲು ಬಂದ ಸ್ಮೃತಿಗೆ ಅಂಜಿನಯ್ಯ ಅವನು ಕದ್ದ ಕಾರಣ ಹೇಳಿದರು.

“ಅವ್ರು ಅತ್ತಿದ್ದ ಭಾಗ ಆವತ್ತೇ ಟೆಂಟಲ್ಲಿ ಡಿಲೀಟ್ ಮಾಡ್ಬಿಟ್ಟಿದ್ದೆ ಸಾರ್.”

“ಅವನಿಗೆ ಹೇಳ್ಲಿಲ್ವಾ?”

“ಆ ಮಾತೆತ್ತಿದ್ರೆ ನೊಂದ್ಕೋತಾರೆ ಅಂತ ಸುಮ್ನಿದ್ದೆ.”

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವನ್ನು ಅಂಜಿನಯ್ಯ ‘ಅವಮಾನದ ಭಯ’ ಎಂದಷ್ಟೇ ಬರೆದರು. ಆಮೇಲೆ ಲಾಕಪ್ಪಿನ ಬಳಿ ಹೋಗಿ, ಸ್ಮೃತಿ ಹೇಳಿದ್ದನ್ನು ತಾವೇ ರುದ್ರೇಶನಿಗೆ ತಿಳಿಸಿದರು. ಅವನು ಅಂಗೈಗೆ ಇನ್ನೂ ಅಂಟಿದ್ದ ಬಿಳಿ ಪುಡಿಯನ್ನು ಅಂಗಿಗೆ ಒರೆಸಿಕೊಂಡ.