ನೀರಿನ ಟ್ಯಾಂಕಿನ ತಿರುವಿನಲ್ಲಿ ನಲವತ್ತಾರು

“ಮೇಡಂ, ಈ ಗಾಡಿಯನ್ನ ನಿಮ್ಮನ್ನ ಬಿಟ್ಟು ಇನ್ಯಾರಾದ್ರೂ ಓಡಿಸ್ತಾರಾ?”

ಬ್ಯಾಟರಿ ಮೇಸ್ತ್ರಿ ಕಾರಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದ.

“ಇಲ್ಲ... ನಾನೊಬ್ಬಳೇ. ಯಾಕೆ?”

“ಪೆಡಲ್ ಒತ್ತಿದ ಲೆಕ್ಕದಲ್ಲಿ ಇಬ್ಬರ ಕಾಲು ಕಾಣಿಸ್ತಿದೆ. ಒಂದು ಮಹಾ ಅವಸರದ್ದು. ಇನ್ನೊಂದು ಬೆಣ್ಣೆಯಷ್ಟು ಮೃದು. ಅದು ದಿನಾ ಸಂಜೆ, ನೀರಿನ ಟ್ಯಾಂಕಿನ ತಿರುವಲ್ಲಿ ಮಾತ್ರ ಬರುತ್ತೆ.”



ಎರಡು ವರ್ಷದ ಹಿಂದೆ ಅದೇ ತಿರುವಿನಲ್ಲಿ ಅವಳ ಗಂಡ ಈ ಕಾರನ್ನು ಜೋಪಾನವಾಗಿ ಪಕ್ಕಕ್ಕೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದ. ಹೃದಯ ನಿಂತಿತ್ತು. ಇಂಡಿಕೇಟರ್ ಮಾತ್ರ ಮಿನುಗುತ್ತಲೇ ಇತ್ತು.

ಪಾರ್ಶ್ವವಾಯು ಬಡಿದವರ ಮನೆಗಳಿಗೆ ಹೋಗಿ ಅವರಿಗೆ ಮತ್ತೆ ನಡೆಯಲು ಕಲಿಸುವ ಫಿಸಿಯೋಥೆರಪಿಸ್ಟ್ ಅವಳು. ಈ ಮುದಿ ಎಲೆಕ್ಟ್ರಿಕ್ ಕಾರೇ ಅವಳ ಸಂಗಾತಿ. ಇನ್ನೆಷ್ಟು ಕಿಲೋಮೀಟರ್ ಓಡುತ್ತೇನೆಂದು ಅದು ತೋರಿಸುವ ಸಂಖ್ಯೆ ದಿನವಿಡೀ ಕೋತಿಯಂತೆ ಜಿಗಿಯುತ್ತಿತ್ತು. ಆದರೆ ಸಂಜೆ ಆ ತಿರುವಿಗೆ ಬಂದರೆ ಮೂವತ್ತಿರಲಿ, ಮೂವತ್ತೈದಿರಲಿ, ಏರಿ ಏರಿ ನಲವತ್ತಾರಕ್ಕೇ ನಿಲ್ಲುತ್ತಿತ್ತು!

‘ಅವರೇ... ಇನ್ನೂ ನನ್ನ ಜೊತೆಗಿದ್ದಾರೆ!’

ಅತ್ತೆಗೂ ಹೇಳದ ಈ ಮಾತನ್ನು ಅವಳು ಅಪರಿಚಿತನೆದುರು ಹೇಳಿಬಿಟ್ಟಳು.

ಮೇಸ್ತ್ರಿ ನಗಲಿಲ್ಲ. ಅವತ್ತು ಸಂಜೆ ಪಕ್ಕದ ಸೀಟಿನಲ್ಲಿ ಕೂತು ಬಂದ. ದಾರಿಯುದ್ದಕ್ಕೂ ರಸ್ತೆ ನೋಡಲಿಲ್ಲ, ಅವಳ ಪಾದ ನೋಡಿದ. ಟ್ಯಾಂಕಿನ ನೆರಳು ಗಾಜಿನ ಮೇಲೆ ಬಿತ್ತು. ನಲವತ್ತಾರು.

“ಮೇಡಂ... ಅದು ನಿಮ್ಮ ಕಾಲೇ. ಇಲ್ಲಿಗೆ ಬಂದ್ರೆ ನಿಮಗೇ ಗೊತ್ತಿಲ್ದೆ ಹಗುರ ಮಾಡ್ತೀರ. ಈಗಷ್ಟೇ ಹೇಗೆ ಓಡಿಸಿದ್ರಿ ಅಂತ ನೋಡಿ ಗಾಡಿ ಮುಂದಿನದನ್ನ ಊಹೆ ಮಾಡುತ್ತೆ; ಕಾಲು ಹಗುರಾದ್ರೆ ಸಂಖ್ಯೆ ಏರುತ್ತೆ. ಹಳೇ ಬ್ಯಾಟರಿ, ಗಳಿಗೆಗೊಂದು ಮಾತು.”

ಊರವರ ಕಾಲೆಲ್ಲ ತಿದ್ದುವವಳಿಗೆ ತನ್ನ ಕಾಲಿನ ಸುದ್ದಿಯೇ ಗೊತ್ತಿರಲಿಲ್ಲ!

“ಇಳೀರಿ ಕೆಳಗೆ! ನನಗೆ ಉಳಿದಿದ್ದು ಅದೊಂದೇ... ಅದನ್ನೂ ಕಿತ್ಕೊಂಡ್ರಲ್ಲ!”

ಅವನು ಬಾಗಿಲು ತೆರೆದು ಇಳಿದ.

ಮೂರು ವಾರ ಅವಳು ಆ ತಿರುವಿನಲ್ಲಿ ಬೇಕೆಂದೇ ಕಾಲೊತ್ತಿ ಓಡಿಸಿದಳು. ಸಂಖ್ಯೆ ಏರಲಿಲ್ಲ. ಕಾರಿನಲ್ಲಿ ಈಗ ನಿಜಕ್ಕೂ ಯಾರೂ ಇರಲಿಲ್ಲ.

“ಮುಖ ಯಾಕೆ ಊದಿಸ್ಕೊಂಡಿದ್ದೀಯ?” ಎಂದು ಅತ್ತೆ ಕೇಳಿದಾಗ ಎಲ್ಲವನ್ನೂ ಹೇಳಿ ಅತ್ತಳು.

ಅತ್ತೆ ಅವಳ ತಲೆ ಸವರಿದರು. “ನನ್ನ ಮಗ ನಿನ್ನನ್ನ ಹಿಡಿದು ಕೂರಿಸೋನಲ್ಲ ಕಣೇ. ನಿಜ ಹೇಳಿದವನನ್ನ ಬೈದು ಬಂದಿದ್ದೀಯಲ್ಲ, ಮೊದಲು ಹೋಗಿ ಮಾತಾಡು.”

ಮರುದಿನ ಸಂಜೆ ಕಾರು ಮೇಸ್ತ್ರಿಯ ಬೀದಿಗೆ ತಿರುಗಿತು. ಇಪ್ಪತ್ತೆಂಟು... ಮೂವತ್ತೊಂದು... ಮೂವತ್ತೇಳು...

ಅವಳು ಬಗ್ಗಿ ನೋಡಿದಳು. ಪೆಡಲಿನ ಮೇಲೆ ಪಾದ ಹಗುರವಾಗಿ ಕೂತಿತ್ತು. ‘ಅಯ್ಯೋ... ಇಲ್ಲೂ!’

“ಗಾಡಿ ಸರಿಯಿಲ್ವಾ ಮೇಡಂ?”

“ಗಾಡಿ ಸರಿಯಾಗಿದೆ. ಅವತ್ತು ಬೈದಿದ್ದು ನನ್ನದೇ ತಪ್ಪು. ಮತ್ತೆ... ನಿಮ್ಮ ಬೀದಿಗೆ ಬಂದ್ರೆ ಸಂಖ್ಯೆ ಏರುತ್ತೆ...”

ಅವನ ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು. “ಮೂರು ವಾರದಿಂದ ಈ ಬೀದಿಯನ್ನೇ ನೋಡ್ತಾ ಕೂತಿದ್ದೆ...”

“ಆದ್ರೆ ಭಯ ಆಗುತ್ತೆ. ಅವರಿಗೆ ಮೋಸ ಮಾಡಿದ ಹಾಗೆ... ಇವತ್ತು ನೀವು ಓಡಿಸಿ. ಆ ತಿರುವಿನವರೆಗೆ.”

ಅವನು ಓಡಿಸಿದ. ಟ್ಯಾಂಕಿನ ನೆರಳು ಕಾರಿನೊಳಗೆ ಬಂತು. ಮೂವತ್ತೆರಡು... ಮೂವತ್ತೊಂಬತ್ತು... ನಲವತ್ತಾರು!

“ಕಾಲೆತ್ತಿದ್ರಾ?” ಅವಳು ಪಿಸುಗುಟ್ಟಿದಳು.

“ಇಲ್ಲ.” ಅವನು ಸಂಖ್ಯೆಯನ್ನೇ ನೋಡಿದ. “ಒತ್ತಿಯೇ ಹಿಡಿದಿದ್ದೆ. ಸಂಖ್ಯೆ ಇಳೀಬೇಕಿತ್ತು... ಇದು ಹೇಗಾಯ್ತೋ ನನಗೆ ಗೊತ್ತಿಲ್ಲ. ಅವರು... ಬೇಡ ಅಂತಿದ್ದಾರಾ?”

ಅವಳು ಅಳುತ್ತಲೇ ನಕ್ಕಳು. “ಬೇಡ ಅನ್ನೋದಾಗಿದ್ರೆ ಇಳಿಸ್ತಿದ್ರು. ಇನ್ನೂ ದೂರ ಹೋಗಿ ಅಂತಿದ್ದಾರೆ.”

ಅವನ ಕೈ ಮೇಲೆ ಅವಳ ಕೈ ಬಂತು.

“ಎಲ್ಲಿಗೆ ಹೋಗೋಣ?”

“ಮನೆಗೆ. ಅತ್ತೆ ಕಾಯ್ತಿದ್ದಾರೆ... ನಿಧಾನವಾಗಿ ಓಡಿಸಿ.”