ಎಡಬಾಗಿಲಿನ ಒಳಮೈ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹಲ್ಲಿನ ಡಾಕ್ಟರ ದೂರು ಕೇಳಿ ರೈಟರು ಪೆನ್ನು ಕೆಳಗಿಟ್ಟರು.

"ಕಾರು ಅಲ್ಲ, ಬರೀ ಬಾಗಿಲಾ?"

"ಎಡಬಾಗಿಲು ಕಣ್ರೀ. ಹಳೇ ಸ್ಪೋರ್ಟ್ಸ್ ಕಾರು, ಅಂಥ ಬಾಗಿಲು ಇನ್ನೆಲ್ಲೂ ಸಿಗಲ್ಲ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರು ಹಿರಿಯ ಕಾನ್‌ಸ್ಟೆಬಲ್ ಜೊತೆ ಡಾಕ್ಟರ ಮನೆ ಹಿಂದಿನ ಶೆಡ್ಡಿಗೆ ಹೋದರು. ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಅದರ ಕೆಳಅಂಚನ್ನು ತುಕ್ಕು ತಿಂದು ಜಲ್ಲಡೆ ಮಾಡಿತ್ತು.

"ಹುಳುಕು ಜೋರಾಗೇ ಇದೆ ಡಾಕ್ಟ್ರೇ," ಎಂದರು ಕಾನ್‌ಸ್ಟೆಬಲ್. "ಕೀಳ್ತೀರೋ, ತುಂಬ್ತೀರೋ?"

"ಒಂದೊಂದೇ ಭಾಗ ಬಿಚ್ಚಿ ಆಸಿಡ್ ತೊಟ್ಟಿಯಲ್ಲಿ ಅದ್ದಿಸ್ತೀನಿ. ಒಳಗೂ ಹೊರಗೂ ತುಕ್ಕು, ಬಣ್ಣ ಏನೂ ಉಳಿಯಲ್ಲ. ನಾಡಿದ್ದು ಬುಧವಾರ ಬಾಗಿಲಿನ ಸರದಿ ಇತ್ತು."

ಕದ್ದವರು ಬಾಗಿಲಿನ ಗಾಜನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಸೀಟಿನ ಮೇಲೆ ಮಲಗಿಸಿದ್ದರು. ಕೀಲಿನ ಕಡ್ಡಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ಡಬ್ಬದ ಮುಚ್ಚಳದಲ್ಲಿ ಇಟ್ಟಿದ್ದರು. ಇನ್‌ಸ್ಪೆಕ್ಟರು ಅವನ್ನೇ ನೋಡುತ್ತಾ ನಿಂತರು.

"ಇದು ಕೆಲಸ ಗೊತ್ತಿರೋರ ಕೈ. ಈ ಕಾರು ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?"

"ಒಬ್ಬ ಮುದುಕ. ಬಾಗಿಲು ಅದ್ದಬೇಡಿ, ನಾನೇ ತೇಪೆ ಹಾಕಿಕೊಡ್ತೀನಿ ಅಂದ. ಕೈ ಗಡಗಡ ನಡುಗ್ತಿತ್ತು. ಮೊದ್ಲು ಟೀ ಚೆಲ್ಲದೆ ಕುಡಿಯೋದು ಕಲಿ ತಾತ ಅಂತ ಕಳಿಸಿದೆ."

ಗ್ಯಾರೇಜು ಬೀದಿಯಲ್ಲಿ ಅಷ್ಟು ಹೇಳಿದ್ದೇ ಸಾಕಾಯಿತು. ಅವರು ಟಕಟಕ ತಾತ. ಕಾರುಗಳ ತಗಡು ಬಡಿದು ಸರಿಮಾಡುತ್ತಿದ್ದ, ಹೆಂಡತಿ ತೀರಿಕೊಂಡ ಮೇಲೆ ಶೆಡ್ಡು ಮುಚ್ಚಿದ ಟಿಂಕರ್. ಈಗ ಮೂರು ದಿನದಿಂದ ಮತ್ತೆ ಮನೆಯೊಳಗೆ ಸುತ್ತಿಗೆ ಸದ್ದು ಕೇಳುತ್ತಿದೆ ಎಂದು ಪಕ್ಕದ ಮನೆಯಾಕೆ ಗೊಣಗಿದರು.

ತಾತನ ಮನೆಯೊಳಗೆ ಹೋಗಿ ನೋಡಿದರೆ, ಕಾರಿನ ಬಾಗಿಲು ಮಂಚದ ಹಾಸಿಗೆಯ ಮೇಲಿತ್ತು. ತಾತನ ಚಾಪೆ ನೆಲದ ಮೇಲಿತ್ತು. ತುಕ್ಕು ಹಿಡಿದ ಅಂಚು ಕತ್ತರಿಸಿ ಹೊಸ ತಗಡು ಬೆಸೆದಾಗಿತ್ತು.

"ಕದ್ದಿದ್ದು ನೀವೇನಾ?" ಇನ್‌ಸ್ಪೆಕ್ಟರು ಕೇಳಿದರು.

"ಹೌದು ಸ್ವಾಮಿ. ನಾಳೆ ವಾಪಸ್ ಇಡೋನಿದ್ದೆ. ತುಕ್ಕೇ ಇಲ್ಲ ಅಂದ್ಮೇಲೆ ಅದ್ದಲ್ವಲ್ಲ."

"ಅದ್ದಿದ್ರೆ ನಿಮಗೇನು?"

ತಾತ ಬಾಗಿಲನ್ನು ಮಗುಚಿದರು. ಒಳಮೈಯ ಕೆಂಪು ಪ್ರೈಮರಿನಲ್ಲಿ ಒಂದು ಸಣ್ಣ ಎಡಗೈ, ಐದು ಬೆರಳೂ ಸ್ಪಷ್ಟವಾಗಿ ಮೂಡಿದ್ದವು.

"ನಮ್ಮನೆಯವಳದು. ಈ ಕಾರು ಆಗ ನಮ್ಮ ಶೆಡ್ಡಿಗೇ ರಿಪೇರಿಗೆ ಬಂದಿತ್ತು. ನಾನು ಹೊರಗಿಂದ ಬಡೀವಾಗ ಒಳಗಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯೋಳು. ಈ ಸಂದಿಗೆ ಅವಳ ಕೈ ಮಾತ್ರ ಹೋಗ್ತಿತ್ತು. ಬಣ್ಣ ಹಸಿ ಇದ್ದಾಗ ಆಯ ತಪ್ಪಿ ಊರಿಬಿಟ್ಲು. ಒರೆಸ್ತೀನಿ ಅಂದ್ಲು. ಒಳಗಿನದು ಯಾರು ನೋಡ್ತಾರೆ, ಬಿಡೇ ಅಂದೆ."

"ಫೋಟೋ ಇಲ್ವಾ ತಾತ?" ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದರು.

"ಇದೆಯಪ್ಪ. ಅದ್ರಲ್ಲಿ ಅವಳ ಕೈ ಅಳತೆ ಇರಲ್ಲ."

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ಬಾಗಿಲನ್ನು ಗುರುತಿಸಲು ಬಂದ ಡಾಕ್ಟರು, "ಬುಧವಾರದೊಳಗೆ ಕೈಗೆ ಸಿಗುತ್ತಾ?" ಎಂದರು.

ಇನ್‌ಸ್ಪೆಕ್ಟರು ರೈಟರಿಗೆ ಪಂಚನಾಮೆ ಹೇಳಿ ಬರೆಸಿದರು: "ಒಳಮೈಯಲ್ಲಿ ಹೆಂಗಸಿನ ಎಡಗೈ ಅಚ್ಚು ಒಂದು. ಮಾಲಿನ ಗುರುತು." ಆಮೇಲೆ ಡಾಕ್ಟರ ಕಡೆ ತಿರುಗಿದರು. "ಇದು ಜಪ್ತಿ ಮಾಲು. ಕೇಸು ಮುಗಿಯೋವರೆಗೂ ಉಜ್ಜೋ ಹಾಗಿಲ್ಲ, ಅದ್ದೋ ಹಾಗಿಲ್ಲ."

ಡಾಕ್ಟರು ಬಗ್ಗಿ ಆ ಅಚ್ಚನ್ನು ನೋಡಿದರು. ಬುಧವಾರದ ಮಾತು ಮತ್ತೆ ಎತ್ತಲಿಲ್ಲ.

ಲಾಕಪ್ಪಿನಿಂದ ತಾತನ ದನಿ ಬಂತು. "ಸ್ವಾಮಿ, ಮಾಲು ಇಡೋ ಕೋಣೇಲಿ ತೇವ ಇದೆಯಾ? ಹೊಸ ತಗಡಿಗೆ ಇನ್ನೂ ಬಣ್ಣ ಹಾಕಿಲ್ಲ. ಸ್ವಲ್ಪ ಎಣ್ಣೆ ಸವರಿಬಿಡಿ. ಅಚ್ಚಿನ ಮೇಲೆ ಬೇಡ."

ಕಾನ್‌ಸ್ಟೆಬಲ್ ಎಣ್ಣೆ ಹುಡುಕಿಕೊಂಡು ಹೋದರು.