ಹಿಂದಿರುಗಿಸಿದ ವೀಳ್ಯ

ತಟ್ಟೆ ಅವಳ ಎದುರಿಗೆ ಬಂದು ನಿಂತಿತು.

ಹಿತ್ತಾಳೆಯ ತಟ್ಟೆ. ಅದರಲ್ಲಿ ವೀಳ್ಯದೆಲೆ, ಅಡಿಕೆ. ನೀಲಾಂಬಿಕೆ ಮೊದಲು ತಟ್ಟೆ ಹಿಡಿದಿದ್ದ ಕೈಯನ್ನು ನೋಡಿದಳು. ಆಮೇಲೆ ಮುಖವನ್ನು.

ಗಂಡ ಹೋದ ಮೇಲೆ ಯಾರೂ ಅವಳ ಮುಂದೆ ಎಲೆಯಡಿಕೆ ಹಿಡಿದಿರಲಿಲ್ಲ. ಮದುವೆ ಮನೆಗಳಲ್ಲಿ ತಟ್ಟೆ ಅವಳ ಪಕ್ಕದವರ ತನಕ ಬರುತ್ತಿತ್ತು. ಅಲ್ಲಿಂದ ಅವಳನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಅದಕ್ಕೂ ಅವಳು ಒಗ್ಗಿಹೋಗಿದ್ದಳು.

“ಬಾರ್ಲಾ ಶಂಕ್ರ, ಅಲ್ಲಿ ಬ್ಯಾಡ,” ಎಂದು ಪುಟ್ಟರಾಜು ಗೆಳೆಯನ ತೋಳು ಜಗ್ಗಿದ.

ತಟ್ಟೆ ಹಿಡಿದಿದ್ದ ಗೌರೀಶಂಕರ ಕದಲಲಿಲ್ಲ. “ಈ ಮನೇಲಿ ಎರಡು ಓಟಿದೆ. ಒಂದು ಯಜಮಾನರದು. ಇನ್ನೊಂದು ಇವರದು.”

ಎದುರು ಮನೆಯ ಸಣ್ಣಕ್ಕ ರಾಗಿ ಕೇರುತ್ತಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದಳು. ಮಾವ ನಂಜಯ್ಯ ಜಗಲಿಯ ಮೇಲೆ ಕೂತು, ತಮಗೆ ಸಿಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವರು, ತಲೆ ಎತ್ತಲಿಲ್ಲ.

ನೀಲಾಂಬಿಕೆ ಕೈ ಚಾಚಿದಳು. ಮಾವನತ್ತ ಒಮ್ಮೆ ನೋಡಿದಳು. ತೆಗೆದುಕೊಂಡಳು.

ಹೊಳೆನರಸೀಪುರದ ಪುರಸಭೆಗೆ ಚುನಾವಣೆ ಬಂದಿತ್ತು. ಎರಡನೇ ಮಹಾಯುದ್ಧ ಇನ್ನೂ ಮುಗಿಯದ ಕೊನೆಯ ಚಳಿಗಾಲ ಅದು. ಓಟು ಇದ್ದದ್ದು, ಗಂಡಾಗಲಿ ಹೆಣ್ಣಾಗಲಿ, ಮನೆ ಕಂದಾಯ ಕಟ್ಟುವವರಿಗೆ, ಡಿಗ್ರಿ ಪಡೆದವರಿಗೆ ಮಾತ್ರ. ನಿಂತವರ ಕಡೆಯವರು ಮನೆಮನೆಗೆ ವೀಳ್ಯ ತರುತ್ತಿದ್ದರು. ತೆಗೆದುಕೊಂಡರೆ ಮಾತು ಕೊಟ್ಟಂತೆ. ತೆಗೆದುಕೊಂಡದ್ದನ್ನು ವಾಪಸು ಕೊಟ್ಟವರು ಮಾತ್ರ ಆ ಊರಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ನಿಂತವರು ಇಬ್ಬರೇ. ನಂಜಯ್ಯನವರು ಎರಡೂ ಕಡೆಯ ವೀಳ್ಯ ತೆಗೆದುಕೊಂಡಿದ್ದರು. ಹಿಂದಿನ ದಿನ ರಾಮಣ್ಣನವರದು, ಇಂದು ತಿಮ್ಮಪ್ಪನವರದು. ಕೇಳಿದರೆ, “ಯಾರಿಗೆ ಹಾಕಿದರೂ ಅರ್ಧ ಮಾತು ಉಳಿಸಿಕೊಂಡ ಹಾಗಾಯ್ತಲ್ಲ,” ಎಂದು ನಗುತ್ತಿದ್ದರು.

ನೀಲಾಂಬಿಕೆ ಒಳಗೆ ಹೋಗಿ ನಿಂತಳು. ಈ ಎಲೆಯನ್ನು ಏನು ಮಾಡುವುದು? ತಿನ್ನುವುದೇ? ಎಸೆಯುವುದೇ? ಕೊನೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ನೀರಿನ ಗುಡಾಣದ ಪಕ್ಕ ಇಟ್ಟಳು.

ಮಾರನೆಯ ಬೆಳಿಗ್ಗೆ ಆ ಬಟ್ಟೆಗೆ ಮತ್ತೆ ನೀರು ಚಿಮುಕಿಸಿದಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಅವಳು ಮೈಸೂರಿನಲ್ಲಿ ಬಿ.ಎ. ಓದಿದವಳು. ಮದುವೆಯಾದ ಮೇಲೆ ಮಾವನೇ ಓದಿಸಿದ್ದರು. ಪರೀಕ್ಷೆಯ ಫಲಿತಾಂಶ ಬಂದ ವಾರವೇ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಆಮೇಲೆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ. ಶಾಲೆಗೆ ಹೋಗುವಳು, ಬರುವಳು, ಅಡುಗೆ ಮಾಡುವಳು. ದುಃಖ ಎಂದು ಹೇಳುವಂಥದ್ದೂ ಈಗ ಇರಲಿಲ್ಲ. ಏನೂ ಇರಲಿಲ್ಲ, ಅಷ್ಟೆ.

ಆದರೆ ಸಂಜೆಯಾದರೆ ಆ ಮನೆಯ ಜಗಲಿಗೆ ಜೀವ ಬರುತ್ತಿತ್ತು. ನಂಜಯ್ಯನವರು ಪತ್ರಿಕೆ ತರಿಸುತ್ತಿದ್ದರು. ಅದನ್ನು ಓದುವ ನೆಪದಲ್ಲಿ ಪುಟ್ಟರಾಜು ಬರುತ್ತಿದ್ದ, ಹೋಟೆಲಿನ ಷಡಕ್ಷರಿ ಬೆಲ್ಲದ ಕಾಫಿ ಹಿಡಿದು ಬರುತ್ತಿದ್ದ. ಈಗ ಗೌರೀಶಂಕರನೂ ಸೇರಿಕೊಂಡ. ಅವನು ಚನ್ನರಾಯಪಟ್ಟಣದವನು, ಹಾಸನದ ಕೋರ್ಟಿನಲ್ಲಿ ಹೊಸದಾಗಿ ವಕೀಲಿ ಆರಂಭಿಸಿದ್ದ. ತಂದೆಯ ಸ್ನೇಹಿತರಾದ ತಿಮ್ಮಪ್ಪನವರ ಚುನಾವಣೆ ಕೆಲಸಕ್ಕೆಂದು ಬಂದು ಅವರ ಮನೆಯಲ್ಲೇ ಉಳಿದಿದ್ದ.

ಜಗಲಿಗೂ ಅಡುಗೆಮನೆಗೂ ನಡುವೆ ಒಂದು ಕಿಟಕಿ. ಅಲ್ಲಿ ಕೂತು ಸೊಪ್ಪು ಬಿಡಿಸುವಾಗ ಮಾತೆಲ್ಲ ಕೇಳಿಸುತ್ತಿತ್ತು.

“ತಿಮ್ಮಪ್ನೋರು ಗೆದ್ರೆ ಮನೆಮನೆಗೂ ನಲ್ಲಿಯಂತೆ,” ಎಂದ ಪುಟ್ಟರಾಜು. “ಪಕ್ಕದಲ್ಲೇ ಹೇಮಾವತಿ ಹರೀತಾವ್ಳೆ. ಕೇಳಿಸ್ಕಂಡ್ರೆ ಬೇಜಾರು ಮಾಡ್ಕತ್ತಾಳೆ ಕಣ್ಲಾ.”

ತನ್ನ ಕಡೆಯವರನ್ನೇ ಹೀಗೆ ಹಂಗಿಸುವುದು ಅವನಿಗೆ ರೂಢಿ. ಷಡಕ್ಷರಿ ರಾಮಣ್ಣನವರ ಪಕ್ಷ, ಆದರೂ ಬಿಡಲಿಲ್ಲ. “ನಮ್ಮೋರು ಬೀದಿಬೀದಿಗೂ ದೀಪ ಅಂತಾರಪ್ಪ. ಸೀಮೆಎಣ್ಣೆನೇ ಸಿಗದಿರೋ ಈ ಯುದ್ಧದಲ್ಲಿ ಎಣ್ಣೆಗೆ ಅವರತ್ತೆ ಮನೆಗೆ ಓಗ್ಬೇಕೇನೋ.”

ಒಳಗೆ ನೀಲಾಂಬಿಕೆ ನಕ್ಕಳು.

ಸದ್ದಾಗಿಯೇ ನಕ್ಕಳು. ಆ ಸದ್ದಿಗೆ ಅವಳೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೊರಗೆ ಎಲ್ಲರೂ ಕಿಟಕಿಯತ್ತ ತಿರುಗಿದರು. ಮಗ ಹೋದಾಗಿನಿಂದ ಆ ಮನೆಯೊಳಗಿಂದ ನಗು ಬಂದದ್ದನ್ನು ನಂಜಯ್ಯನವರು ಕೇಳಿರಲಿಲ್ಲ. ಅವರು ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದರು.

“ಷಡಕ್ಷರಿ, ನಿನ್ನ ಮಾತಿಗೆ ಒಳಗಿನವರ ಒಪ್ಪಿಗೆಯೂ ಸಿಕ್ತು ಕಣಯ್ಯ,” ಎಂದ ಗೌರೀಶಂಕರ. ಅವನ ದನಿ ಮೃದುವಾಗಿತ್ತು.

ಅಂದಿನಿಂದ ಅವನು ಕಿಟಕಿಯ ಹತ್ತಿರವೇ ಕೂರತೊಡಗಿದ. ಯುದ್ಧದ ಸುದ್ದಿಯನ್ನು ತುಸು ಗಟ್ಟಿಯಾಗಿ ಓದುವನು. ಯಾವುದೋ ಊರಿನ ಹೆಸರು ತಪ್ಪಾಗಿ ಓದಿದರೆ ಒಳಗಿಂದ ಅವಳು ತಿದ್ದುವಳು. ಬೇಕೆಂದೇ ತಪ್ಪು ಓದುತ್ತಾನೇನೋ ಎಂದು ಅವಳಿಗೆ ಅನುಮಾನ… ಒಂದು ಸಂಜೆ ಅವನು ಕಿಟಕಿಯತ್ತ ತಿರುಗಿ, ಇಬ್ಬರಲ್ಲಿ ಯಾರು ವಾಸಿ ಎಂದು ಕೇಳಿದ.

“ಇಬ್ಬರೂ ನಿಲ್ಲದಿದ್ದರೆ ಚೆನ್ನಾಗಿತ್ತು.”

ಜಗಲಿ ನಗೆಯಲ್ಲಿ ಮುಳುಗಿತು. ಅವನೊಬ್ಬ ನಗಲಿಲ್ಲ. ಕಿಟಕಿಯನ್ನೇ ನೋಡುತ್ತಿದ್ದ. ಅವಳು ನೋಟ ತಗ್ಗಿಸಿದಳು.

ಮತ ಹಾಕಿಸಲು ಯಾರನ್ನೋ ಕರೆತರಬೇಕೆಂದು ಅವನು ಒಮ್ಮೆ ಚನ್ನರಾಯಪಟ್ಟಣಕ್ಕೆ ಹೋದ. ಆ ಸಂಜೆ ಜಗಲಿಯಲ್ಲಿ ಅದೇ ಮಾತು, ಅದೇ ಕಾಫಿ. ಆದರೂ ಅವಳಿಗೆ ಹೊತ್ತು ಹೋಗಲಿಲ್ಲ. ಸೊಪ್ಪು ಬಿಡಿಸುತ್ತ ಕೂತವಳಿಗೆ ಇದ್ದಕ್ಕಿದ್ದಂತೆ ಅರ್ಥವಾಯಿತು… ತಾನು ಕಾಯುತ್ತಿದ್ದೇನೆ. ಭಯವಾಯಿತು. ಎದ್ದು ಹೋಗಿ ಎಲೆಯ ಬಟ್ಟೆಗೆ ನೀರು ಚಿಮುಕಿಸಿದಳು.

ಚುನಾವಣೆ ಹತ್ತಿರವಾದಾಗ ಒಂದು ಸಂಜೆ ಶಾಲೆಯಿಂದ ಬರುವುದು ತಡವಾಯಿತು. ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಚಳಿಗೆಂದು ಕಿಟಕಿ ಅರ್ಧ ಮುಚ್ಚಿತ್ತು. ಜಗಲಿಯಲ್ಲಿ ಯಾರದೋ ಹೊಸ ದನಿಯೂ ಇತ್ತು.

“ದಿನಾ ಸಂಜೆ ತಪ್ಪದಂಗೆ ಬತ್ತೀಯಲ್ಲೋ ಶಂಕ್ರ,” ಪುಟ್ಟರಾಜು ಕೆಣಕುತ್ತಿದ್ದ. “ಪತ್ರಿಕೆಗೋ, ಇನ್ಯಾತಕ್ಕೋ?”

ಹೊಸ ದನಿಯವನು ನಕ್ಕ. ಅವಳು ಕಿಟಕಿಗೆ ಕಿವಿಗೊಟ್ಟಳು. ಏನು ಹೇಳುತ್ತಾನೆ?

“ಇನ್ಯಾತಕ್ಕೆ, ಓಟಿಗೆ,” ಎಂದ ಗೌರೀಶಂಕರ. ದನಿ ಬಿರುಸಾಗಿತ್ತು. “ಆ ಒಂದು ಓಟಿಗೋಸ್ಕರ ಇಲ್ಲಿ ಬಂದು ಕೂರ್ತೀನಿ. ಚುನಾವಣೆ ಮುಗಿದ ಮೇಲೆ ಈ ಕಡೆ ತಲೆ ಹಾಕೋರು ಯಾರು?”

ನೀಲಾಂಬಿಕೆ ಕಿಟಕಿಯನ್ನು ಸದ್ದಿಲ್ಲದೆ ಪೂರ್ತಿ ಮುಚ್ಚಿದಳು.

ಓಟು! ಅಷ್ಟೇ ತಾನೆ. ಚುನಾವಣೆಯವರು ಓಟು ಕೇಳದೆ ಇನ್ನೇನು ಕೇಳುತ್ತಾರೆ? ತಪ್ಪು ಅವನದಲ್ಲ. ನಕ್ಕವಳು ತಾನು. ಕಾದವಳು ತಾನು… ಏನೂ ಇಲ್ಲದಿದ್ದಾಗ ಎಷ್ಟು ಸುಖವಾಗಿತ್ತು.

ಮತದಾನ ಅವಳ ಶಾಲೆಯಲ್ಲೇ ನಡೆಯಿತು. ಬಾಗಿಲ ಆಚೆ ಒಂದು ಬದಿಗೆ ತಿಮ್ಮಪ್ಪನವರ ಚಪ್ಪರ, ಇನ್ನೊಂದು ಬದಿಗೆ ರಾಮಣ್ಣನವರದು. ಒಳಗೆ ತಿಮ್ಮಪ್ಪನವರಿಗೆ ಹಳದಿ ಪೆಟ್ಟಿಗೆ, ರಾಮಣ್ಣನವರಿಗೆ ಕೆಂಪು. ಮಾವನ ಹಿಂದೆ ನಡೆದು ಬಂದ ನೀಲಾಂಬಿಕೆ ಸೀದಾ ತಿಮ್ಮಪ್ಪನವರ ಚಪ್ಪರಕ್ಕೆ ಹೋದಳು. ಗೌರೀಶಂಕರ ಎದ್ದು ನಿಂತ. ಮುಖ ಅರಳಿತು.

ಅವಳು ಒದ್ದೆ ಬಟ್ಟೆಯ ಗಂಟನ್ನು ಅವನ ಮುಂದಿನ ಮೇಜಿನ ಮೇಲಿಟ್ಟು ಬಿಚ್ಚಿದಳು. ಎಲೆಯ ಅಂಚು ಹಳದಿಗೆ ತಿರುಗಿತ್ತು, ಉಳಿದದ್ದು ಹಸಿರಾಗಿಯೇ ಇತ್ತು.

“ನಿಮ್ಮ ವೀಳ್ಯ.”

“ಯಾಕೆ?” ಎಂದ ಅವನು.

“ಒಂದು ಓಟಿಗೋಸ್ಕರ ನೀವು ಅಷ್ಟು ದಿನ ಬಂದು ಕೂರಬೇಕಾಗಿರಲಿಲ್ಲ.”

ಹೇಳಿ ಒಳಗೆ ನಡೆದಳು. ಅವನು ಆ ಎಲೆಗಳನ್ನು ನೋಡುತ್ತ ನಿಂತುಬಿಟ್ಟ.

ಆ ಮಾತು ಕೇಳಿಸಿದ್ದು ಅವನೊಬ್ಬನಿಗೆ. ಊರು ಕಂಡದ್ದು ವೀಳ್ಯ ವಾಪಸಾದದ್ದನ್ನು. ಸಾಲಿನಲ್ಲಿದ್ದ ಸಣ್ಣಕ್ಕ ಪಕ್ಕದವಳ ಕಿವಿಗೆ ಬಾಗಿದಳು. “ಬಿ.ಎ. ಓದಿರೋ ಮೇಷ್ಟ್ರಮ್ಮನೇ ವಾಪಸ್ ಕೊಟ್ಬುಟ್ಳು ಅಂದ್ರೆ, ಏನೋ ಐತೆ ಕಣವ್ವ.”

ಏನಿದೆ ಎಂಬುದನ್ನು ಊರೇ ಕಂಡುಹಿಡಿಯಿತು. ನಲ್ಲಿ ಬಂದರೆ ಕಂದಾಯ ಏರುತ್ತದಂತೆ ಎಂದರು. ನಲ್ಲಿಯ ಕೊಳವೆಯೆಲ್ಲ ತಿಮ್ಮಪ್ಪನವರ ಅಳಿಯನ ಅಂಗಡಿಯದಂತೆ ಎಂದರು. ಅಳಿಯನಿಗೆ ಅಂಗಡಿಯೇ ಇರಲಿಲ್ಲ. ಸಣ್ಣಕ್ಕ ತನ್ನ ವೀಳ್ಯವನ್ನು ಎಂದೋ ತಿಂದು ಮುಗಿಸಿದ್ದಳು. ಆದರೇನು, ಅಂಗಡಿಯಿಂದ ಹೊಸ ಎಲೆ ಕೊಂಡು ತಂದು ಚಪ್ಪರದ ಮೇಜಿನ ಮೇಲಿಟ್ಟು, ಸೆರಗು ಕೊಡವಿ ಓಟು ಹಾಕಲು ಹೋದಳು. ಅವಳ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಎಲೆ ಮುಗಿದು, ಅರಕಲಗೂಡಿನ ಗಾಡಿಗೆ ಕಾಯಬೇಕಾಯಿತಂತೆ. ಮೇಜಿನ ಮೇಲೆ ವೀಳ್ಯ ರಾಶಿಯಾಗುತ್ತಿದ್ದರೆ ಪುಟ್ಟರಾಜು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ತಿಮ್ಮಪ್ಪನವರು ಸೋತರು.

ಮರುದಿನ ಬೆಳಿಗ್ಗೆ ಪುಟ್ಟರಾಜು ಜಗಲಿಗೆ ಬಂದ. ಕೂರಲಿಲ್ಲ. ಶಂಕರ ಚನ್ನರಾಯಪಟ್ಟಣದ ಬಸ್ಸಿಗೆ ಹೋಗಿದ್ದಾನೆ, ಇನ್ನು ಇತ್ತ ಬರುವುದಿಲ್ಲವಂತೆ ಎಂದು ನಂಜಯ್ಯನವರಿಗೆ ಹೇಳಿದ. ಆಮೇಲೆ ಕಿಟಕಿಯ ಕಡೆ ತಿರುಗಿದ.

“ಮೇಷ್ಟ್ರಮ್ಮ, ನೀವು ಚಪ್ಪರದಲ್ಲಿ ಅಂದದ್ದನ್ನ ಶಂಕ್ರ ಯೋಳ್ದ. ತಪ್ಪೆಲ್ಲ ನಂದು. ಅವತ್ತು ಸಂಜೆ ಇಲ್ಲಿ ಕೂತಿದ್ನಲ್ಲ, ಅವ್ನು ರಾಮಣ್ಣೋರ ಕಡೆಯೋನು. ಶಂಕ್ರ ಯಾಕೆ ದಿನಾ ಈ ಮನೇಗೆ ಬತ್ತಾನೆ ಅಂತ ಷಡಕ್ಷರಿ ಓಟ್ಲಲ್ಲಿ ಕೆಟ್ಟದಾಗಿ ಆಡ್ಕತ್ತಿದ್ದೋನು ಅವ್ನೇಯ. ಅದು ಗೊತ್ತಿಲ್ದೆ ನಾನು ಅವ್ನ ಮುಂದ್ಲೇ ತಮಾಸೆ ಮಾಡ್ದೆ. ನಿಮ್ಮೆಸ್ರಿಗೆ ಮಸಿ ಅಂಟ್ಬಾರ್ದು ಅಂತ ಶಂಕ್ರ ಓಟಿಗೆ ಅಂದ್ಬುಟ್ಟ.”

ಒಳಗೆ ನೀಲಾಂಬಿಕೆ ಗೋಡೆಗೆ ಒರಗಿದಳು. ಕೆನ್ನೆ ಒದ್ದೆಯಾಗಿತ್ತು. ಎಷ್ಟೋ ಕಾಲದ ಮೇಲೆ ಬಂದ ಕಣ್ಣೀರು. ಬರಲಿ ಎಂದು ಬಿಟ್ಟಳು… ಹಗುರವಾಯಿತು.

ನಂಜಯ್ಯನವರು ಒಳಗೆ ಬಂದು ಸೊಸೆಯ ಮುಖ ನೋಡಿದರು.

“ನೀಲಾ, ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡೋ ಬಸ್ಸು, ಅದರ ಒಲೆ ಇನ್ನೂ ಕಾದಿರೋಲ್ಲ. ಹೋಗಿ ಕರಕೊಂಡು ಬರಲಾ?”

ಅವಳು ತಲೆ ತಗ್ಗಿಸಿದಳು. ಆಮೇಲೆ, “ಹೂಂ, ಮಾವಯ್ಯ,” ಎಂದಳು.

ಅವರು ಕೋಲು ಹಿಡಿದು ಹೊರಟರು.

ಗೌರೀಶಂಕರ ಅವರ ಹಿಂದೆಯೇ ಬಂದು ಜಗಲಿಯ ಕೆಳಗೆ ನಿಂತ. ನೀಲಾಂಬಿಕೆ ಈ ಸಲ ಕಿಟಕಿಯ ಹಿಂದೆ ಉಳಿಯಲಿಲ್ಲ. ಬಾಗಿಲಿಗೆ ಬಂದಳು.

“ನನ್ನಿಂದ ನಿಮ್ಮವರು ಸೋತರು.”

“ಊರೆಲ್ಲ ಅದನ್ನೇ ಹೇಳ್ತಿದೆ.”

“ಊರಿಗೆ ಗೊತ್ತಿಲ್ಲದ್ದು ಒಂದಿದೆ. ಓಟು ನಾನು ಹಳದಿ ಪೆಟ್ಟಿಗೆಗೇ ಹಾಕಿದೆ.”

ಅವನು ನಂಬಲಾರದೆ ನೋಡಿದ. “ವೀಳ್ಯ ವಾಪಸು ಕೊಟ್ಟು?”

“ಅದು ಸಿಟ್ಟಿಗೆ. ಓಟು ಕೊಟ್ಟ ಮಾತಿಗೆ.”

ಅವನು ನಕ್ಕುಬಿಟ್ಟ. ನಗುತ್ತಲೇ ಅವನ ಕಣ್ಣು ತುಂಬಿತು.

“ಮೊದಲ ದಿನ ತಟ್ಟೆ ಹಿಡಿದಾಗ ನನಗೂ ಓಟೇ ಬೇಕಾಗಿತ್ತು. ಸುಳ್ಳು ಹೇಳಲ್ಲ. ಆಮೇಲೆ ಒಂದು ಸಂಜೆ ನೀವು ನಕ್ಕಿರಿ. ಆವತ್ತಿನಿಂದ ತಿಮ್ಮಪ್ಪನವರ ಪೆಟ್ಟಿಗೆ ಯಾವ ಬಣ್ಣ ಅನ್ನೋದೇ ನನಗೆ ಮರೆತುಹೋಗ್ತಿತ್ತು.” ಜಗಲಿಯ ಮೆಟ್ಟಿಲು ಹತ್ತಿ ಮುಂದುವರಿಸಿದ. “ಊರಿಗೆ ಹೋಗಿದ್ನಲ್ಲ, ಓಟಿನವರನ್ನ ಕರೆಯೋಕಲ್ಲ. ಅವ್ವನ ಹತ್ರ ನಿಮ್ಮ ವಿಷಯ ಹೇಳೋಕೆ. ಅವ್ವ ಬಹಳ ಹೊತ್ತು ಅಕ್ಕಿ ಆರಿಸ್ತಾ ಕೂತ್ಲು. ಕೊನೆಗೆ, ಅಷ್ಟೆಲ್ಲ ಓದಿದೋಳಿಗೆ ಅಕ್ಕಿರೊಟ್ಟಿ ತಟ್ಟೋಕೆ ಬರುತ್ತಾ ಅಂದ್ಲು.”

ಅವನು ಜೇಬಿನಿಂದ ಒದ್ದೆ ಕರವಸ್ತ್ರವೊಂದನ್ನು ತೆಗೆದ. ಒಳಗೆ ಅವಳು ಹಿಂದಿರುಗಿಸಿದ ಅದೇ ವೀಳ್ಯ.

“ಆ ರಾಶಿಯಲ್ಲಿ ಇದನ್ನ ಸೇರಿಸಲಿಲ್ಲ. ಇನ್ನೂ ಹಸಿರಾಗಿರೋದು ನೋಡಿದ ಕೂಡಲೇ ನೀವು ದಿನಾ ನೀರು ಹಾಕಿ ಇಟ್ಟಿದ್ರಿ ಅಂತ ಗೊತ್ತಾಯ್ತು… ಆದರೆ ಕೇಳೋ ಧೈರ್ಯ ಬರಲಿಲ್ಲ.”

ಅವನು ನಂಜಯ್ಯನವರ ಕಡೆ ತಿರುಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದ. “ಯಜಮಾನ್ರೇ, ನಿಮ್ಮ ಸೊಸೇನ ಮದುವೆಯಾಗಬೇಕು ಅಂತ ಆಸೆ.”

ನಂಜಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು.

“ನಮ್ಮಜ್ಜಿಯದೂ ಕೂಡಿಕೆ ಮದುವೇನೇ ಕಣಪ್ಪ. ಗಂಡ ಸತ್ತ ಮೇಲೆ ನಮ್ಮಜ್ಜನ ಮನೆ ತುಂಬಿದೋಳು. ಆಮೇಲೆ ನಾವು ನಾಲ್ಕಕ್ಷರ ಕಲಿತು, ನಾಚಿಕೆ ಅಂತ ಅದನ್ನ ಬಿಟ್ಟೆವು. ಮಗ ಹೋದಾಗಿನಿಂದ ಯೋಚನೆ ಇತ್ತು. ಇವಳಿಗೆ ಹೇಗೆ ಹೇಳೋದು ಅಂತ ತಿಳೀಲಿಲ್ಲ.” ಅವನ ಕೈಯನ್ನು ಮೆಲ್ಲಗೆ ಸೊಸೆಯ ಕಡೆಗೆ ತಿರುಗಿಸಿದರು. “ಆದರೆ ನನಗೆ ಕೊಡಬೇಡ. ನಾನು ಎಲ್ಲರ ಹತ್ರಾನೂ ತಗೊಳ್ಳೋ ಮನುಷ್ಯ. ಈ ಓಟು ಅವಳದು.”

ಅವನು ಬಾಗಿಲ ಮುಂದೆ ಬಂದು ನಿಂತ. ಎದುರು ಮನೆಯಲ್ಲಿ ಸಣ್ಣಕ್ಕ ಮತ್ತೆ ಮೊರ ಹಿಡಿದು ನೋಡುತ್ತಿದ್ದಳು.

ನೀಲಾಂಬಿಕೆ ಕೈ ಚಾಚಿದಳು. ಈ ಸಲ ಮಾವನತ್ತ ನೋಡಲಿಲ್ಲ. ತೆಗೆದುಕೊಂಡಳು.

“ಮತ್ತೆ ವಾಪಸು ಕೊಡಲ್ಲ ತಾನೆ?” ಎಂದ ಅವನು, ಅವಳಿಗಷ್ಟೇ ಕೇಳುವಂತೆ.

“ನೀವು ಇನ್ನು ಯಾರ ಚುನಾವಣೆಗೂ ಹೋಗದಿದ್ದರೆ.”

ದೂರದಲ್ಲಿ ಚನ್ನರಾಯಪಟ್ಟಣದ ಬಸ್ಸು ಕೆಮ್ಮಿ, ಹೊಗೆ ಉಗುಳಿ, ಕೊನೆಗೂ ಹೊರಟ ಸದ್ದು ಕೇಳಿಸಿತು.

“ಬಸ್ಸು ಹೋಯ್ತು,” ಎಂದರು ನಂಜಯ್ಯನವರು.

“ಹೋಗಲಿ ಬಿಡಿ, ಮಾವಯ್ಯ,” ಎಂದಳು ನೀಲಾಂಬಿಕೆ. “ಕಾಫಿಗೆ ನೀರಿಡ್ತೀನಿ.”